ಬೋರಘಾಟಿನ ಬುಡದಲ್ಲಿ ಒಂದು ಸಪ್ಪಳ

ಮುಂಬಯಿಯಿಂದ ಪುಣೆಗೆ ಹೋಗುವವರಿಗೆ ದಾರಿಗಳ ಬಡತನವಿಲ್ಲ. ರೈಲಿದೆ, ಗಳಿಗೆಗೊಂದರಂತೆ ಹೊರಡುವ ಬಸ್ಸುಗಳಿವೆ, 2002ರಲ್ಲಿ ಪೂರ್ಣಗೊಂಡ ಎಕ್ಸ್‌ಪ್ರೆಸ್ ಹೆದ್ದಾರಿಯಿದೆ. ಇಷ್ಟೆಲ್ಲ ಇದ್ದೂ ಪನವೇಲ, ಚೌಕ, ಖೋಪೋಲಿಗಳನ್ನು ಹಾದು ಘಟ್ಟ ಹತ್ತುವ ಹಳೆಯ ರಸ್ತೆಯನ್ನು ಹಿಡಿಯುವವರು ಎರಡು ಬಗೆಯವರು: ಊರು ಸೇರುವ ಅವಸರವಿಲ್ಲದವರು, ಮತ್ತು ಅವಸರಪಡಿಸಿದರೆ ಮುನಿಸಿಕೊಳ್ಳುವ ವಾಹನವುಳ್ಳವರು. (ಸ್ಕೂಟರಿನವರ ಮಾತು ಬೇರೆ, ಹೊಸ ಹೆದ್ದಾರಿಗೆ ಅವರಿಗೆ ಪ್ರವೇಶವೇ ಇಲ್ಲ.) ಕಳೆದ ಜನವರಿಯ ಒಂದು ಶನಿವಾರ ನಾವು ಆ ರಸ್ತೆ ಹಿಡಿದದ್ದು ಎರಡನೆಯ ಕಾರಣದಿಂದ.

ವಾಹನ ನಮ್ಮದಲ್ಲ. ಸರ್ಕಾರಿ ಕಚೇರಿಯ ಗುಮಾಸ್ತನಿಗೆ 1957ರ ಎಂ.ಜಿ.ಎ. ಎಂಬ ಎರಡಾಸನದ ಸ್ಪೋರ್ಟ್ಸ್ ಕಾರು ಎಲ್ಲಿಂದ ಬಂದೀತು? ಅದು ನಮ್ಮ ಸಂಘದ ಹಿರಿಯ ಸದಸ್ಯರಾದ ಮಾಟುಂಗಾದ ರಾಯರದು. ಅವರ ತಂದೆ, ಧಾರವಾಡವು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಪರಳದ ಒಂದು ಬಟ್ಟೆ ಗಿರಣಿಗೆ ಇಂಜಿನಿಯರಾಗಿ ಬಂದವರು. 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಮಾತ್ರ ಪರಳದಲ್ಲಿಯೇ ಉಳಿದರು. ಮುಂದೆ ಕೆಲವು ವರ್ಷಗಳಿಗೆ ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಈ ಕಾರನ್ನು ಕೊಂಡರಂತೆ. ತಂದೆ ಹೋಗಿ ಬಹಳ ವರ್ಷಗಳಾದವು. ರಾಯರಿಗೆ ಈಗ ಎಪ್ಪತ್ತಾರು. ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ; ಅವನಿಗೆ ಈ ಕಾರೆಂದರೆ ಅಪ್ಪನ ಆರೋಗ್ಯಕ್ಕೂ ಪಿಂಚಣಿಗೂ ಕೂಡಿಯೇ ಬಂದ ಒಂದು ಜಾಡ್ಯ.

ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬಳಿ ಅಬಿಂಗ್ಡನ್ ಎಂಬ ಸಣ್ಣ ಪಟ್ಟಣವಿದೆ. 1955ರಿಂದ 1962ರವರೆಗೆ ಅಲ್ಲಿ ಇಂಥ ಕಾರುಗಳು ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಬಹುಪಾಲು ಅಮೆರಿಕೆಗೆ ಹಡಗು ಹತ್ತಿದವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಇಂದು ನಮ್ಮ ಬೀದಿಗಳಲ್ಲಿ ಓಡುವ ಎಂ.ಜಿ. ಕಾರುಗಳು ಗುಜರಾತಿನ ಹಾಲೋಲದಲ್ಲಿ ಆಗುವಂಥವು. ಅವಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ.

ಹೊಸಬರಿಗೆ ಈ ಕಾರಿನೊಳಗೆ ಹೋಗುವುದೇ ಒಂದು ಸಮಸ್ಯೆ. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಒಳಗೆ ಕೈಯಿಳಿಬಿಟ್ಟು ಒಂದು ದಾರವನ್ನೆಳೆಯಬೇಕು. ಎಂಜಿನ್ನು ಹೊರಡಿಸಲು ಬೀಗದ ಕೈ ತಿರುಗಿಸಿದರೆ ಸಾಲದು. ಮುಂದಿನ ಹಲಗೆಯಲ್ಲಿರುವ ಒಂದು ಗುಂಡಿಯನ್ನು ಹಿಡಿದು ಎಳೆಯಬೇಕು. ಅಂದು ಬೆಳಿಗ್ಗೆ ಬೀಗದ ಕೈ ತಿರುಗಿಸಿದೊಡನೆ ನಮ್ಮ ಬೆನ್ನ ಹಿಂದೆ ಟಕ್ ಟಕ್ ಟಕ್ ಎಂದು ಯಾರೋ ಬೆರಳಿನಿಂದ ಬಡಿದಂತಾಯಿತು. ನಾವು ಹಿಂತಿರುಗಿ ನೋಡಿದ್ದನ್ನು ಕಂಡು ರಾಯರು ನಕ್ಕರು.

“ಗಾಬರಿ ಆಗಬ್ಯಾಡ್ರಿ. ಅದು ಪೆಟ್ರೋಲು ಪಂಪಿನ ಸಪ್ಪಳ. ಅದು ನಿಂತ್ರ ಗಾಬರಿ ಆಗಬೇಕು.”

ಪುಣೆಯಲ್ಲಿ ಮರುದಿನ ಹಳೆಯ ಕಾರುಗಳ ಒಂದು ಮೇಳವಿತ್ತು. ನಮ್ಮ ಮನೆಯವರೂ ರಾಯರ ಮನೆಯ ಅಮ್ಮನವರೂ ಶೇಂಗಾ ಚಟ್ನಿ, ಚಪಾತಿಗಳ ಗಂಟಿನೊಡನೆ ಬೆಳಗಿನ ರೈಲು ಹತ್ತಿದ್ದರು. ಗಂಟು ರೈಲಿನಲ್ಲಿ ಹೋದದ್ದು ನಮಗೆ ಪನವೇಲ ದಾಟಿದ ಮೇಲೆ ನೆನಪಾಯಿತು.

ವಾಶಿಯ ಖಾಡಿ ಸೇತುವೆ ಕಳೆದು ಪನವೇಲ ದಾಟುವವರೆಗೆ ಲಾರಿಗಳ ಸಂತೆ. ಆಮೇಲೆ ಎಡಕ್ಕೆ ಮಾಥೇರಾನದ ಬೆಟ್ಟಗಳ ಸಾಲು ಕಾಣತೊಡಗಿ ದಾರಿ ಸ್ವಲ್ಪ ಬಿಡುವಾಗುತ್ತದೆ. ಛಾವಣಿಯಿಲ್ಲದ ಕಾರಿನಲ್ಲಿ ಜನವರಿಯ ಬೆಳಗಿನಲ್ಲಿ ಈ ದಾರಿಯಲ್ಲಿ ಹೋಗುವ ಸುಖವನ್ನು ಬರೆದು ತಿಳಿಸುವುದು ಕಷ್ಟ. ಗದ್ದೆಯ ಕೂಳೆಯ ವಾಸನೆ, ಚಹದಂಗಡಿಯ ಹೊಗೆ, ಮುಂದಿನ ಲಾರಿಯ ಡೀಸೆಲ್ಲು, ಎಲ್ಲವೂ ನೇರವಾಗಿ ಮೂಗಿಗೇ ಬರುತ್ತವೆ. ಕಿವಿಗೂ ಹಾಗೆಯೇ. ರಾಯರು ದಾರಿಯುದ್ದಕ್ಕೂ ನಮಗೆ ಕಾರಿನ ಸಪ್ಪಳಗಳನ್ನು, ಮನೆಗೆ ಬಂದ ನೆಂಟನಿಗೆ ಮಕ್ಕಳನ್ನು ತೋರಿಸುವಂತೆ, ಒಂದೊಂದಾಗಿ ಪರಿಚಯ ಮಾಡಿಕೊಟ್ಟರು. ಮೇಲಿನಿಂದ ಹೊಲಿಗೆಯ ಯಂತ್ರದಂತೆ ಬರುವುದು ಟ್ಯಾಪೆಟ್ಟು. ಗೇರು ಬದಲಿಸುವಾಗ ಕೊರಗುವುದು ಮೊದಲ ಗೇರಿನ ಹಲ್ಲು. ಬೆಳಿಗ್ಗೆ ತಣ್ಣಗಿರುವಾಗ ಚಫ್ ಚಫ್ ಎಂದು, ಕಾದ ಮೇಲೆ ಸುಮ್ಮನಾಗುವುದು ಹೊಗೆಕೊಳವೆಯ ಸಂದಿನಲ್ಲಿ ಗಾಳಿ ಸೋರುವ ಸದ್ದು. ಲೋಹ ಬಿಸಿಯೇರಿ ಹಿಗ್ಗಿದೊಡನೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಟ್ಯಾಪೆಟ್ಟೆಂದು ತಿಳಿದು ದುಡ್ಡು ಕಳೆದುಕೊಂಡವರು ಬಹಳ ಮಂದಿಯಂತೆ.

ಚೌಕ ಬಿಟ್ಟು ಖೋಪೋಲಿ ಹತ್ತಿರವಾಗುತ್ತಿದ್ದಾಗ ಹೊಸದೊಂದು ಸದ್ದು ಹುಟ್ಟಿತು. ಕಬ್ಬಿಣದ ಮೇಲೆ ಮರದ ಸುತ್ತಿಗೆಯಿಂದ ಹೊಡೆದಂತೆ ಠೊಕ್, ಠೊಕ್. ರಾಯರ ಮಾತು ಅರ್ಧಕ್ಕೆ ನಿಂತಿತು. ಕಾಲು ಸಡಿಲಿಸಿದರು, ಸದ್ದು ಇತ್ತು. ತುಳಿದರು, ಇತ್ತು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಎಂಜಿನ್ನನ್ನು ಸುಮ್ಮನೆ ತಿರುಗಲು ಬಿಟ್ಟರು. ಈಗ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

“ಇದು ನಮ್ಮ ಮನೀ ಸಪ್ಪಳ ಅಲ್ರೀ,” ಎಂದರು.

ಮುಂಬಯಿಯಲ್ಲಿ ಈ ಕಾರನ್ನು ನೋಡಿಕೊಳ್ಳುವ ಗ್ಯಾರೇಜಿಗೆ ಫೋನು ಮಾಡಿದ್ದಾಯಿತು. ಸದ್ದನ್ನು ಫೋನಿನಲ್ಲಿಯೇ ಹಿಡಿದು ಕಳಿಸಿ ಎಂದರು. ಕಳಿಸಿದೆವು. ಐದು ನಿಮಿಷದಲ್ಲಿ ತೀರ್ಪು ಬಂತು: ಬಿಗ್ ಎಂಡ್ ಹೋಗಿದೆ, ಅಲ್ಲಿಂದ ಒಂದು ಗಜವೂ ಓಡಿಸಬೇಡಿ, ಟ್ರಕ್ಕಿಗೆ ಹಾಕಿಸಿ, ಎಂಜಿನ್ನು ಪೂರ್ತಿ ಬಿಚ್ಚಬೇಕು, ಮೂರು ಲಕ್ಷಕ್ಕೆ ಕಡಿಮೆಯಾಗದು. ಬಿಗ್ ಎಂಡ್ ಎಂದರೆ ಪಿಸ್ಟನ್ನಿನ ಏರಿಳಿತವನ್ನು ಕ್ರ್ಯಾಂಕಿಗೆ ಮುಟ್ಟಿಸುವ ಕೋಲಿನ ಕೆಳತುದಿಯ ಬೇರಿಂಗು. ಅದು ಸವೆದು ಸಡಿಲಾದಾಗ ಬಲವಂತವಾಗಿ ಓಡಿಸಿದರೆ ಕೋಲು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಬರುವುದುಂಟು. ಹಾಗಾದರೆ ರಿಪೇರಿಯ ಮಾತೇ ಇಲ್ಲ. ಎದುರಿಗೆ ಬೋರಘಾಟಿನ ಏರು ನಿಂತಿತ್ತು.

ಎರಡನೆಯ ಫೋನು ಬೆಂಗಳೂರಿನಿಂದ ಬಂತು. ಮಗ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ರಾಯರು ಜಗಳವಾಡುತ್ತಿದ್ದರು. ಅವನು ಮೆಲ್ಲಗೆ, “ಅಪ್ಪಾ, ಟ್ರಕ್ಕಿನ್ಯಾಗ ಹಾಕಿಸಿ ಪುಣೆಕ್ಕ ಕಳಸ್ರಿ. ಮ್ಯಾಳದಾಗ ಕೊಳ್ಳೋವ್ರು ಇರ್ತಾರ. ಇದ್ದಂಗ ತಗೊಳ್ತಾರ. ಇನ್ನು ಸಾಕು,” ಎಂದ. ರಾಯರು “ಹೂಂ” ಎಂದು ಫೋನು ಜೇಬಿಗಿಟ್ಟರು. ಆ “ಹೂಂ” ಒಪ್ಪಿಗೆಯೆಂದೇ ನಮಗೆ ತೋರಿತು. ಅವರು ಚಕ್ರದ ಮೇಲೆ ಕೈಯಿಟ್ಟು ಬಹಳ ಹೊತ್ತು ಬೆಟ್ಟದ ಕಡೆ ನೋಡುತ್ತ ಕುಳಿತರು.

ಖೋಪೋಲಿಯಿಂದ ಆ ಬೆಟ್ಟವನ್ನು ನೋಡಿದವರಿಗೆ ಇಳಿಜಾರಿನಲ್ಲಿ ಹಾಸಿದ ದಪ್ಪ ಕೊಳವೆಗಳು ಕಾಣುತ್ತವೆ. ಲೋಣಾವಳದ ಕಡೆಯ ಕೆರೆಗಳ ನೀರನ್ನು ಅವುಗಳಲ್ಲಿ ಇಳಿಸಿ ಟಾಟಾ ಅವರು 1915ರಿಂದ ಇಲ್ಲಿ ವಿದ್ಯುತ್ತು ತೆಗೆಯುತ್ತಿದ್ದಾರೆ. ಪರಳದ ಗಿರಣಿಗಳು ಓಡಿದ್ದು ಈ ನೀರಿನಿಂದ. ರಾಯರ ತಂದೆ ಭಾನುವಾರಗಳಲ್ಲಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾರಿನಲ್ಲಿಯೇ ಇಲ್ಲಿಗೆ ಬಂದು, “ನಮ್ಮ ಗಿರಣಿಯ ಮೂಲ ನೋಡು,” ಎನ್ನುತ್ತಿದ್ದರಂತೆ. ಗಿರಣಿ ಈಗಿಲ್ಲ. ಆ ಜಾಗದಲ್ಲಿ ಗಾಜಿನ ಕಟ್ಟಡವೆದ್ದಿದೆ. ಕೊಳವೆಗಳು ಇವೆ.

ಟ್ರಕ್ಕು ಬರಲು ಮೂರು ಗಂಟೆಯಾಗುತ್ತದೆಂದು ತಿಳಿದುಬಂತು. ಪಕ್ಕದ ಚಹದಂಗಡಿಯವನು ನಮ್ಮ ಮುಖಗಳನ್ನು ನೋಡಿ, ಫರ್ಲಾಂಗಿನಾಚೆ, ಘಟ್ಟ ಹತ್ತುವ ಮೊದಲು ಲಾರಿಗಳು ತಂಗುವಲ್ಲಿ ಒಬ್ಬ ಹಳೆಯ ಮಿಸ್ತ್ರಿಯಿದ್ದಾನೆ, ಕರೆತರುತ್ತೇನೆ ಎಂದ. ಬಂದವರು ಎಪ್ಪತ್ತು ಸಮೀಪಿಸಿದ ಮುದುಕರು. ಖಾಕಿ ಅಂಗಿ, ದಾರ ಕಟ್ಟಿದ ಕನ್ನಡಕ. ಕಾರಿನ ಅಂದಚಂದಗಳ ಕಡೆ ಅವರು ನೋಡಲೇ ಇಲ್ಲ. ಬಾನೆಟ್ಟು ತೆಗೆಯಿರಿ ಎಂದರು. ತೆಗೆದೊಡನೆ ಗಟ್ಟಿಯಾಗಿ ನಕ್ಕು ಮರಾಠಿಯಲ್ಲಿ, “ಅರೇ, ಇದು ಅಂಬಾಸಡರು!” ಎಂದುಬಿಟ್ಟರು.

ರಾಯರ ಮುಖ ಸಣ್ಣದಾಯಿತು. ಆದರೆ ಮಿಸ್ತ್ರಿಯ ಮಾತು ಅಕ್ಷರಶಃ ನಿಜ. ಬ್ರಿಟನ್ನಿನ ಬಿ.ಎಂ.ಸಿ. ಕಂಪನಿ ಬಿ ಸೀರೀಸ್ ಎಂದು ಕರೆದ ಒಂದೇ ವಂಶದ ಎಂಜಿನ್ನು ಅಲ್ಲಿ ಈ ಕ್ರೀಡಾ ಕಾರಿಗೂ ಇಲ್ಲಿ ಹಿಂದುಸ್ತಾನ್ ಮೋಟರ್ಸಿನವರ ಅಂಬಾಸಡರಿಗೂ ಬಂತು. ಅಳತೆಯೂ ಒಂದೇ, 1489 ಸಿ.ಸಿ. ಇದಕ್ಕೆ ಎರಡು ಕಾರ್ಬುರೇಟರು, ಹೆಚ್ಚಿನ ಒತ್ತಡ, ಎಪ್ಪತ್ತರ ಸುತ್ತಿನ ಕುದುರೆಬಲ. ಅದಕ್ಕೆ ಒಂದೇ ಕಾರ್ಬುರೇಟರು, ಸೌಮ್ಯ ಸ್ವಭಾವ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಪೈಲ್ವಾನನಾಗಿ ಮತ್ತೊಬ್ಬ ಸರ್ಕಾರಿ ನೌಕರನಾದಂತೆ.

ಸರ್ಕಾರಿ ನೌಕರನ ವಿಷಯ ನಮಗೆ ಗೊತ್ತು. ನಾವು ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿಯಲ್ಲಿ ಇನ್ನೂ ಒಂದು ಬಿಳಿಯ ಅಂಬಾಸಡರಿತ್ತು. ಅದು ಗೇಟು ಹೊಕ್ಕ ಸದ್ದು ಕೇಳಿದೊಡನೆ ಎರಡನೆಯ ಮಹಡಿಯಲ್ಲಿ ಚಹದ ಲೋಟಗಳು ಮಾಯವಾಗುತ್ತಿದ್ದವು. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಅದಾದ ಮೇಲೆ ನಮ್ಮ ಅಂಬಾಸಡರನ್ನು ಹರಾಜು ಹಾಕುವ ಫೈಲನ್ನು ಮೇಲಕ್ಕೆ ಕಳಿಸಿದವರು ನಾವೇ. ಆ ಫೈಲಿನಲ್ಲಿ ಚಕ್ರ, ಬ್ಯಾಟರಿ, ಸೀಟುಗಳ ಸ್ಥಿತಿಗೆಲ್ಲ ಒಂದೊಂದು ಅಂಕಣವಿತ್ತು. ಅದರ ಸದ್ದನ್ನು ಬಲ್ಲ ಕಿವಿಗಳು ಎಲ್ಲಿ ಹೋದುವೆಂಬುದಕ್ಕೆ ಅಂಕಣವಿರಲಿಲ್ಲ. ಒಂದು ಜೊತೆ ಕಿವಿ ಖೋಪೋಲಿಯಲ್ಲಿತ್ತು.

ಮಿಸ್ತ್ರಿ ಮೊದಲು ಏನನ್ನೂ ಮುಟ್ಟಲಿಲ್ಲ. ಎಂಜಿನ್ನು ಹೊರಡಿಸಲು ಹೇಳಿ, ಎರಡು ನಿಮಿಷ ಕೈಕಟ್ಟಿಕೊಂಡು ನಿಂತು ಕೇಳಿದರು. ಆಮೇಲೆ ಒಳಗೆ ಬಗ್ಗಿ ಎಣ್ಣೆಯ ಒತ್ತಡದ ಮುಳ್ಳು ನೋಡಿದರು. ಎಂಜಿನ್ನನ್ನು ಸ್ವಲ್ಪ ಜೋರು ಮಾಡಿಸಿದಾಗ ಅದು ಐವತ್ತು ಪೌಂಡಿನ ಹತ್ತಿರವಿತ್ತು. ಕೆಳಗಿನ ಬೇರಿಂಗುಗಳು ನಿಜವಾಗಿ ಹೋಗಿದ್ದರೆ ಬಿಸಿ ಎಂಜಿನ್ನಿನಲ್ಲಿ ಈ ಮುಳ್ಳು ಸಾಮಾನ್ಯವಾಗಿ ತಲೆ ತಗ್ಗಿಸುತ್ತದೆ. ಇದು ಮೊದಲನೆಯ ಸಾಕ್ಷಿ. ಇದೊಂದನ್ನೇ ನಂಬಬಾರದೆಂದೂ ಹೇಳಿದರು.

ಎರಡನೆಯ ಪರೀಕ್ಷೆ ಪ್ಲಗ್ಗುಗಳದು. ಮರದ ಹಿಡಿಯ ಇಕ್ಕುಳದಿಂದ ನಾಲ್ಕು ಪ್ಲಗ್ಗಿನ ತಂತಿಗಳನ್ನು ಒಂದಾದ ಮೇಲೊಂದರಂತೆ ಕಿತ್ತು, ಕೇಳಿ, ಮತ್ತೆ ಸಿಕ್ಕಿಸಿದರು. ತಂತಿ ಕಿತ್ತ ಸಿಲಿಂಡರಿನಲ್ಲಿ ಬೆಂಕಿ ಹೊತ್ತುವುದಿಲ್ಲ; ಪಿಸ್ಟನ್ನಿನ ಮೇಲೆ ಪೆಟ್ಟು ಬೀಳುವುದಿಲ್ಲ. ಬಡಿತ ಆ ಸಿಲಿಂಡರಿನ ಬಿಗ್ ಎಂಡಿನದಾಗಿದ್ದರೆ ಆಗ ಅಡಗಬೇಕು ಇಲ್ಲವೇ ಮೆತ್ತಗಾಗಬೇಕು. ನಾಲ್ಕೂ ಸಲ ಎಂಜಿನ್ನು ಕುಂಟಿತು. ಠೊಕ್ ಠೊಕ್ ಹಾಗೆಯೇ ಇತ್ತು. ರಾಯರು ಈಗ ಕಾರಿನಿಂದಿಳಿದು ಬಂದು ಮಿಸ್ತ್ರಿಯ ಪಕ್ಕದಲ್ಲಿ ನಿಂತರು.

ಮಿಸ್ತ್ರಿ ಬೆರಳಿನಿಂದ ಬಾನೆಟ್ಟಿನ ಅಂಚಿನ ಮೇಲೆ ತಾಳ ಹಾಕತೊಡಗಿದರು. ಟ್ಯಾಪೆಟ್ಟಿನ ಸದ್ದು ಎಂಜಿನ್ನು ಎರಡು ಸುತ್ತು ಸುತ್ತಿದರೆ ಒಮ್ಮೆ ಬರುತ್ತದೆ, ಏಕೆಂದರೆ ಅದನ್ನು ಎತ್ತುವ ಕ್ಯಾಮು ಅರ್ಧ ವೇಗದಲ್ಲಿ ತಿರುಗುತ್ತದೆ. ಕ್ರ್ಯಾಂಕಿನದು ಸುತ್ತಿನ ಲೆಕ್ಕಕ್ಕೆ ಬರುತ್ತದೆ. ಇದು ಎರಡು ಲೆಕ್ಕಕ್ಕೂ ಸಿಕ್ಕದೆ ಒಮ್ಮೆ ಕೂಡುತ್ತ ಒಮ್ಮೆ ಜಾರುತ್ತ ಹೋಗುತ್ತಿತ್ತು. ಧಾರವಾಡದಲ್ಲಿ ಹುಟ್ಟಿ ಸಂಗೀತ ಕೇಳದವರುಂಟೆ? ರಾಯರು ಥಟ್ಟನೆ, “ಸಮ್‌ಗೆ ಬರವಲ್ದು!” ಎಂದರು. ಮಿಸ್ತ್ರಿಗೆ ಕನ್ನಡ ಬಾರದು; “ಸಮ್” ಎಂಬ ಮಾತು ಅರ್ಥವಾಯಿತು. ತಲೆದೂಗಿದರು.

ಆಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು, ತುದಿಯನ್ನು ಎಂಜಿನ್ನಿನ ಮೈಮೇಲೆ ಅಲ್ಲಲ್ಲಿ ಊರಿದರು. ಮೇಲಿನ ಮುಚ್ಚಳ, ಪಕ್ಕದ ಗೋಡೆ, ನೀರಿನ ಪಂಪು, ಡೈನಮೊ. (ಇದನ್ನು ಮನೆಯಲ್ಲಿ ಮಾಡಿ ನೋಡುವ ಓದುಗರು ತಿರುಗುವ ಫ್ಯಾನಿನಿಂದ ತಮ್ಮ ತೋಳಂಗಿಯನ್ನು ದೂರವಿಡಬೇಕು.) ಡೈನಮೊ ಬಳಿ ನಿಂತರು. ಹೆಡ್‌ಲೈಟು ಹಚ್ಚಲು ಹೇಳಿದರು. ಹಗಲಿನಲ್ಲಿ ದೀಪವೇಕೆ ಎಂದು ನಮಗೆ ಆಶ್ಚರ್ಯ. ದೀಪ ಹತ್ತಿದೊಡನೆ ಬಡಿತದ ದನಿ ಬದಲಾಯಿತು! ದೀಪಕ್ಕೆ ವಿದ್ಯುತ್ತು ಕೊಡುವಾಗ ಡೈನಮೊಗೆ ಭಾರ ಬೀಳುತ್ತದೆ. ಬೇರಿಂಗಿಗೂ ದೀಪಕ್ಕೂ ಏನು ಸಂಬಂಧ?

ಕೊನೆಯ ಸಾಕ್ಷಿಗೆ ಎಂಜಿನ್ನು ನಿಲ್ಲಿಸಿ ಫ್ಯಾನ್ ಬೆಲ್ಟನ್ನು ಕಳಚಿದರು. ಬೆಲ್ಟಿಲ್ಲದೆ ನೀರಿನ ಪಂಪೂ ತಿರುಗದು, ಆದ್ದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಕೂಡದು. ರಾಯರೇ ಗುಂಡಿ ಎಳೆದರು. ಎಂಜಿನ್ನು ಹೊರಟಿತು. ಹೊಲಿಗೆಯ ಯಂತ್ರದ ಸದ್ದು ಬಂತು, ಹಿಂದಿನಿಂದ ಪಂಪಿನ ಟಕ್ ಟಕ್ ಬಂತು. ಠೊಕ್ ಎಂಬುದಿಲ್ಲ. ರಾಯರು ಎಂಜಿನ್ನು ಆರಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಬಹಳವಿತ್ತು.

ಡೈನಮೊದ ಪುಲ್ಲಿಯನ್ನು ಅದರ ದಂಡಕ್ಕೆ ಬಿಗಿದ ನಟ್ಟು ಸಡಿಲವಾಗಿ, ಒಳಗಿನ ಅರ್ಧಚಂದ್ರಾಕಾರದ ಸಣ್ಣ ಕೀಲು ಸವೆದು, ಪುಲ್ಲಿ ಹಿಂದೆಮುಂದೆ ಅಲ್ಲಾಡುತ್ತಿತ್ತು, ಇಷ್ಟೇ. ಒಂದು ಬಿಸ್ಕತ್ತಿನ ಡಬ್ಬಿಯನ್ನು ನೆಲದ ಮೇಲೆ ಸುರಿದು, ಅಂಬಾಸಡರಿನ ಹಳೆಯ ಕೀಲೊಂದನ್ನು ಹುಡುಕಿ, ಅರದಿಂದ ನಾಲ್ಕು ಸಲ ಉಜ್ಜಿ ಕೂರಿಸಿದರು. ಮುನ್ನೂರು ರೂಪಾಯಿ ಕೇಳಿದರು. ಟ್ರಕ್ಕಿನವನಿಗೆ ಬರಬೇಡವೆಂದು ಫೋನು ಮಾಡಿದ್ದಕ್ಕೆ ಅವನು ಐನೂರು ತೆಗೆದುಕೊಂಡ.

ಗ್ಯಾರೇಜಿನವರನ್ನು ಹಳಿಯಲು ನಮಗೆ ಮನಸ್ಸಿಲ್ಲ. ಫೋನು ಮೇಲಿನ ಸ್ವರಗಳನ್ನು ಹಿಡಿದು ಆಳದ್ದನ್ನು ಬಿಟ್ಟುಬಿಡುತ್ತದೆ. ಅದರಲ್ಲಿ ಎಲ್ಲ ಬಡಿತವೂ ಒಂದೇ. ಇಂದಿನ ಕಾರುಗಳಿಗೆ ಕಂಪ್ಯೂಟರಿನ ತಂತಿ ಸಿಕ್ಕಿಸಿದರೆ ಅವೇ ತಮ್ಮ ರೋಗ ಹೇಳುತ್ತವೆ. ಇದಕ್ಕೆ ತಂತಿ ಸಿಕ್ಕಿಸುವ ತೂತೇ ಇಲ್ಲ. ಆದರೂ ಮುಟ್ಟಿ ನೋಡದೆ ಮೂರು ಲಕ್ಷ ಹೇಳಬಾರದಿತ್ತು.

ರಾಯರು ಸಂತೋಷದ ಭರದಲ್ಲಿ, ಹಾಗೆಯೇ ಟ್ಯಾಪೆಟ್ಟಿನ ಸದ್ದನ್ನೂ ನಿಲ್ಲಿಸಿಬಿಡಿ ಎಂದರು. ಮಿಸ್ತ್ರಿ ಒಪ್ಪಲಿಲ್ಲ. ಅಲ್ಲಿ ಇಂಚಿನ ಸಾವಿರ ಭಾಗದಲ್ಲಿ ಹದಿನೈದು ಹದಿನೇಳು ಭಾಗದಷ್ಟು ಸಂದು ಇರಲೇಬೇಕು. ಬಿಗಿ ಮಾಡಿದರೆ ಸದ್ದು ನಿಂತು ವಾಲ್ವು ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. “ಮಾತಾಡುವ ಟ್ಯಾಪೆಟ್ಟು ಒಳ್ಳೆಯದು, ಸಾಹೇಬರೇ,” ಎಂದರು. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು. ಭಾರ ಬಿದ್ದಾಗ ಕೆಳಗಿನಿಂದ ಒಂದು ಸಣ್ಣ ಗುಡುಗು ಬರುತ್ತಿದೆ. ಈ ಎಂಜಿನ್ನಿನ ಕ್ರ್ಯಾಂಕನ್ನು ಹೊತ್ತಿರುವುದು ಮೂರೇ ಮೇನ್ ಬೇರಿಂಗು, ನಡುವಿನದು ದಣಿಯುತ್ತಿದೆ. ಇಂದು ನಾಳೆಯ ಮಾತಲ್ಲ. ಎರಡು ಮಳೆಗಾಲ ತಡೆದೀತು. ಅಷ್ಟರೊಳಗೆ ಬಿಚ್ಚಬೇಕು. ನಾವು ಕಿವಿಗೊಟ್ಟು ಕೇಳಿದೆವು. ನಮಗೆ ಆ ಗುಡುಗು ಕೇಳಿಸಲಿಲ್ಲ. ರಾಯರಿಗೆ ಕೇಳಿಸಿತೋ ಇಲ್ಲವೋ, ಅವರು ಹೇಳಲಿಲ್ಲ.

ಕೆಲಸ ಕಲಿಯುವ ಹುಡುಗರಿದ್ದಾರೆಯೇ ಎಂದು ವಿಚಾರಿಸಿದೆವು. ಮೊಮ್ಮಗ ಪುಣೆಯಲ್ಲಿ ವಿದ್ಯುತ್ ಸ್ಕೂಟರುಗಳನ್ನು ರಿಪೇರಿ ಮಾಡುತ್ತಾನಂತೆ. ಒಳ್ಳೆಯ ಸಂಬಳ. “ಅದರಲ್ಲಿ ಕೇಳುವುದಕ್ಕೆ ಏನೂ ಇಲ್ಲ,” ಎಂದು ಮಿಸ್ತ್ರಿ ನಕ್ಕರು.

ಬೋರಘಾಟಿನ ಗಾಡಿರಸ್ತೆ 1830ರಲ್ಲಿ ಗವರ್ನರ್ ಜಾನ್ ಮಾಲ್ಕಮನ ಕಾಲದಲ್ಲಿ ತೆರೆಯಿತು. ರೈಲು ಹತ್ತಿದ್ದು 1863ರಲ್ಲಿ. ಏರಿನಲ್ಲಿ ಶಿಂಗ್ರೋಬಾನ ಗುಡಿಯಿದೆ. ಇಂಗ್ಲಿಷರಿಗೆ ಈ ಕಾಡಿನಲ್ಲಿ ದಾರಿ ತೋರಿಸಿದ ಕುರುಬನೊಬ್ಬನ ಗುಡಿಯೆಂದು ಜನ ಹೇಳುತ್ತಾರೆ. ದಾರಿ ಸಿಕ್ಕಿದ ಮೇಲೆ ಅವನನ್ನು ಕೊಂದರೆಂದೂ ಕಥೆಯಿದೆ. ಲಾರಿಯವರು ಹಾದುಹೋಗುವಾಗ ಅವನಿಗೆ ನಾಣ್ಯವೆಸೆಯುತ್ತಾರೆ.

ಎರಡನೆಯ ಗೇರಿನಲ್ಲಿ ಏರುತ್ತಿದ್ದಂತೆ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂತೆ ಒಂದು ಸದ್ದು ಕೇಳಿಸಿತು. ನಮ್ಮ ಎದೆ ಮತ್ತೆ ಹಾರಿತು. ರಾಯರು ಮಾತ್ರ ಹಾಯಾಗಿದ್ದರು. ಕಿಡಿ ಹೊತ್ತುವ ಹೊತ್ತು ಅತಿ ಮುಂಚಿತವಾದರೆ ಭಾರದ ಏರಿನಲ್ಲಿ ಪೆಟ್ರೋಲು ಹದ ತಪ್ಪಿ ಸಿಡಿಯುತ್ತದೆ. ಇಂಗ್ಲಿಷರು ಇದನ್ನು ಪಿಂಕಿಂಗ್ ಎನ್ನುತ್ತಾರೆ. ಶಿಂಗ್ರೋಬಾನ ಎದುರಿಗೇ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಪಕ್ಕದ ಸಣ್ಣ ಗುಂಡಿಯನ್ನು ಕೆಲವು ಹಲ್ಲು ಹಿಂದಕ್ಕೆ ತಿರುಗಿಸಿದರು. ಹರಳು ಅಡಗಿತು. ನಾವು ಎರಡು ರೂಪಾಯಿಯ ನಾಣ್ಯವೆಸೆದೆವು. ಮೇಲೆ ಹಳೆಯ ದಾರಿ ಹೊಸ ಹೆದ್ದಾರಿಯನ್ನು ಕೂಡುವೆಡೆ ಮೊದಲು ಅಮೃತಾಂಜನ ಸೇತುವೆಯಿತ್ತು, 1830ರದೇ. 2020ರ ಏಪ್ರಿಲಿನಲ್ಲಿ ಕೆಡವಿದರು. ತಲೆನೋವಿನ ಮುಲಾಮಿನ ಜಾಹೀರಾತಿನಿಂದ ಬಂದ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಲೋಣಾವಳದಲ್ಲಿ ಚಿಕ್ಕಿ ಕೊಂಡು, ಪುಣೆ ಸೇರುವಾಗ ಸಂಜೆಯಾಗಿತ್ತು. ಚಪಾತಿಗಳು ಎಂದೋ ಖರ್ಚಾಗಿದ್ದವು. ಮರುದಿನ ಮೇಳದಲ್ಲಿ ಇಬ್ಬರು ಬಂದು ಬೆಲೆ ಕೇಳಿದರು. ರಾಯರು ಇಬ್ಬರಿಗೂ ಬಾಗಿಲು ತೆರೆಯುವ ಬಗೆ ತೋರಿಸಿ ಕಳಿಸಿಕೊಟ್ಟರು. ರಾತ್ರಿ ಮಗನಿಗೆ ಫೋನು ಮಾಡಿ ನಡುವಿನ ಬೇರಿಂಗಿನ ವಿಷಯವನ್ನೂ ಮುಚ್ಚಿಡದೆ ಹೇಳಿದರು. ಆ ಕಡೆಯಿಂದ ಏನು ಬಂತೋ ನಮಗೆ ಕೇಳಿಸಲಿಲ್ಲ. “ನೀನೂ ಒಮ್ಮೆ ಬಂದು ಕೇಳು,” ಎಂದಷ್ಟೇ ರಾಯರು ಅಂದರು.

ಬೇರಿಂಗನ್ನು ಮಳೆಗಾಲಕ್ಕೆ ಮೊದಲೇ ಮಾಡಿಸುವುದೆಂದು ನಿಶ್ಚಯವಾಗಿದೆ. ಮಿಸ್ತ್ರಿಗೆ ಅದಕ್ಕೆ ಮುಂಚೆ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಾಗಿದೆ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ನಿಯಮದಂತೆ ರಾಯರು ಕಾರಿಗೆ “ವಿ.ಎ.” ಅಕ್ಷರಗಳ ನೋಂದಣಿ ಮಾಡಿಸಿದ್ದಾರೆ, ಇಪ್ಪತ್ತು ಸಾವಿರ ರೂಪಾಯಿ, ಹತ್ತು ವರ್ಷಕ್ಕೆ. ಅಂಥ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಮುಂತಾದ ಕಾರಣ ಬೇಕು. ನಿಯಮದ ಪ್ರತಿಯನ್ನು ನಾವೇ ತೆಗೆದುಕೊಟ್ಟಿದ್ದೇವೆ. ರಿಪೇರಿಗೆ ಖೋಪೋಲಿಯವರೆಗೆ ಹೋಗಲು ಅಡ್ಡಿಯಿಲ್ಲ. ಹೋಳಿಯ ಮರುವಾರ, ಬುಧವಾರ ಎಂದು ದಿನ ಗೊತ್ತಾಗಿದೆ. ಅಂದು ನಮಗೆ ಕಚೇರಿಯಿದೆ. ರಜೆಯ ಅರ್ಜಿ ಬರೆದಿಟ್ಟಿದ್ದೇವೆ.